ಸಾಲಿ ಬುಟ್ಟಿಗೆ ಬಿದ್ದ ಒಳ್ಳೆಯ ಕಾಯಿ

ಇಂಡಿ ಪಟ್ಟಣದ ನಿಂಬೆ ಮಾರುಕಟ್ಟೆಯಲ್ಲಿ ರಾಜಬಿ ಮೂವತ್ತು ವರ್ಷಗಳಿಂದ ಕಾಯಿ ಆರಿಸುತ್ತಿದ್ದಾಳೆ. ದಪ್ಪದ್ದು, ಸಣ್ಣದ್ದು ಆಕೆಯ ಕೈಗೆ ತಾಗಿದ ಕೂಡಲೇ ಬೇರೆಯಾಗುತ್ತವೆ. ಕಣ್ಣು ಬೇಕಾಗುವುದು ಕಲೆ ನೋಡುವುದಕ್ಕಷ್ಟೇ. ಓದು ಬರಹ ಆಕೆಗೆ ಬಾರದು.

ಮೊಮ್ಮಗಳು ತರನ್ನುಮ ಮಾರುಕಟ್ಟೆಯ ಹಿಂದಿನ ಸರ್ಕಾರಿ ಶಾಲೆಯಲ್ಲಿ ಆರನೆಯ ತರಗತಿ ಮುಗಿಸಿದ್ದಳು. ಅಲ್ಲಿ ಹುಡುಗಿಯರ ಶೌಚಾಲಯಕ್ಕೆ ಬಾಗಿಲೂ ಇರಲಿಲ್ಲ, ನೀರೂ ಇರಲಿಲ್ಲ.

“ಸಾಲಿ ತೆರಿಯೂದ್ರಾಗ ಅದು ಆಗಲಿಲ್ಲಂದ್ರ ಹುಡುಗೀನ ಬಿಡಸ್ತೇನ್ರಿ ಅತ್ತಿ,” ಎಂದು ಸೊಸೆ ಯಾಸ್ಮಿನ ಹೇಳಿಬಿಟ್ಟಳು. ಹುಡುಗಿ ದೊಡ್ಡವಳಾಗಿದ್ದಳು.

ಆ ಬೇಸಿಗೆಯಲ್ಲಿ ನಿಂಬೆ ವ್ಯಾಪಾರಸ್ಥರೆಲ್ಲ ಸೇರಿ ಹೊಸ ಶೌಚಾಲಯ ಕಟ್ಟಿಸುವುದಾಗಿ ಶಾಲೆಗೆ ಮಾತು ಕೊಟ್ಟಿದ್ದರು. ಪ್ರತಿ ಚೀಲದಿಂದ ಒಂದು ಬೊಗಸೆ ಕಾಯಿ ಆಯಾ ಅಂಗಡಿಯಲ್ಲಿ ಶಾಲೆಗೆಂದಿಟ್ಟ ‘ಸಾಲಿ ಬುಟ್ಟಿ’ಗೆ, ಬುಟ್ಟಿ ಹರಾಜಾಗಿ ಬಂದದ್ದು ಕಟ್ಟಡಕ್ಕೆ. ಆದರೆ ದಾನಕ್ಕೆಂದು ಕಲೆ ಬಿದ್ದ ಕಾಯಿ ತೆಗೆದಿಡುವುದು ಅಂಗಡಿಗಳ ಹಳೆಯ ರೂಢಿ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಕೈ ತಾನಾಗಿ ಹಾಗೆ ಹೋಗುತ್ತಿತ್ತು. ಸಾಲಿ ಬುಟ್ಟಿ ಕೊಳ್ಳುವವರೇ ಇಲ್ಲವಾದರು. ಮೇ ತಿಂಗಳು ಬಂದರೂ ಗೋಡೆ ಸೊಂಟದೆತ್ತರ ದಾಟಲಿಲ್ಲ.

ಒಂದು ಮುಂಜಾನೆ ರಾಜಬಿ ಒಳ್ಳೆಯ ಕಾಯಿಗಳನ್ನೇ ಆ ಬುಟ್ಟಿಗೆ ಹಾಕತೊಡಗಿದಳು. ಅಂಗಡಿಯ ಯಜಮಾನ ಗುರುಲಿಂಗಪ್ಪ ನೋಡಿಬಿಟ್ಟ.

“ಏನ್ ಬೇ ರಾಜಬಿ, ಒಂದನೇ ನಂಬರ್ ಮಾಲು ಅದರಾಗ ಹಾಕಾಕತ್ತೀಯಲ್ಲ! ಕಣ್ಣು ಮಂಜಾಗ್ಯಾವೇನು?”

“ಕಣ್ಣು ಚಲೋ ಅದಾವ್ರಿ ಸಾವ್ಕಾರ್ರ. ದೇವಿ ಹಾರಕ್ಕ ನೀವು ಕಲಿ ಬಿದ್ದ ಕಾಯಿ ಹಾಕ್ತೀರೇನ್ರಿ?”

“ಅದು ದೇವೀದು ಬೇ!”

“ಇದು ಹುಡುಗ್ಯಾರ್ದ್ರಿ.”

ಪಕ್ಕದಲ್ಲಿ ಆರಿಸುತ್ತಿದ್ದ ಬಾನುಬಿ ಮೆಲ್ಲಗೆ, “ನಾಳಿಂದ ಬ್ಯಾರೆ ಅಂಗಡಿ ಹುಡುಕು ಅಕ್ಕಾ,” ಎಂದಳು.

ಗುರುಲಿಂಗಪ್ಪ ಕುಕ್ಕರಗಾಲಲ್ಲಿ ಕುಳಿತು ಬುಟ್ಟಿಯ ತಳದಲ್ಲಿದ್ದ ಕಲೆ ಕಾಯಿಗಳನ್ನು ತಾನೇ ಹೆಕ್ಕಿ ಹೊರಗಿಟ್ಟ. ಅಂದಿನ ಹರಾಜಿನಲ್ಲಿ ಎಲ್ಲಕ್ಕಿಂತ ಮೊದಲು ಇಟ್ಟದ್ದು ಆ ಬುಟ್ಟಿಯನ್ನೇ.

“ಏನ್ರಿ ಸಾವ್ಕಾರ್ರ, ಮುದುಕಿ ಬೈದಳಂತಲ್ಲ?” ಎಂದು ಎದುರಂಗಡಿಯ ಜೈನುದ್ದೀನ ನಕ್ಕ.

“ಬೈದ್ಲಪ್ಪ. ನಿನ್ನ ಬುಟ್ಟಿ ತೋರ್ಸು, ನೋಡೂಣು.”

ಜೈನುದ್ದೀನ ತನ್ನ ಬುಟ್ಟಿಯನ್ನು ಒಳಗೆ ಒಯ್ದು ಬೇರೆ ಕಾಯಿ ತುಂಬಿಸಿ ತಂದ.

ಸಾಲಿ ಬುಟ್ಟಿಗಳು ಒಳ್ಳೆಯ ಬೆಲೆಗೆ ಹೋಗತೊಡಗಿದವು. ಶಾಲೆ ತೆರೆಯುವ ಎರಡು ದಿನ ಮೊದಲು ಹೊಸ ಶೌಚಾಲಯಕ್ಕೆ ಬಾಗಿಲು ಕೂತಿತು, ಮೇಲೆ ನೀರಿನ ಟಾಕಿ ಬಂತು. ಯಾಸ್ಮಿನ ಯಾರ ಮಾತನ್ನೂ ನಂಬದೆ ತಾನೇ ಹೋಗಿ ಒಳಗಿನಿಂದ ಚಿಲಕ ಹಾಕಿ ನೋಡಿದಳು, ನಳ ತಿರುವಿದಳು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಬಂದು ಅತ್ತೆಗೆ ಹೇಳಿದಳು:

“ನೀರು ಜೋರ್ ಬರ್ತಾವ್ರಿ. ಸಾಲಿಗಿ ಹೋಗ್ಲಿ ಬಿಡ್ರಿ, ಓದ್ಲಿ.”