ಬೂದೆಮ್ಮನ ಎದೆಯ ಸದ್ದು

ಕಲ್ಲೂರಿನ ಕುರಿಗಾರ ಕನಕಪ್ಪನ ಹಿರಿಮಗಳು ಬೂದೆಮ್ಮನಿಗೆ ಚಿಕ್ಕಂದಿನಲ್ಲಿ ಒಮ್ಮೆ ಗಂಟಲು ಬಾತು, ಜ್ವರ ಬಂದು, ಮೊಣಕಾಲುಗಳು ಊದಿಕೊಂಡಿದ್ದವು. ತಾಯಿ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದಳು. ಊತ ಇಳಿಯಿತು. ಹುಡುಗಿ ಮತ್ತೆ ಕುರಿಗಳ ಹಿಂದೆ ಓಡಿದಳು. ಎಲ್ಲರೂ ಅದನ್ನು ಮರೆತರು.

೧೯೭೭ರಲ್ಲಿ ಅವಳನ್ನು ಗುಂಜಹಳ್ಳಿಯ ಸಿದ್ದರಾಮಪ್ಪನಿಗೆ ಕೊಟ್ಟರು. ಮರುವರ್ಷವೇ ಬಾವಿಯಿಂದ ಕೊಡ ಹೊತ್ತು ಬರುವಾಗ ನಡುದಾರಿಯಲ್ಲಿ ಕುಸಿದು ಕೂರತೊಡಗಿದಳು. ಏದುಸಿರು, ನೀಲಿಗಟ್ಟಿದ ತುಟಿ. ಅತ್ತೆ ದುರುಗಮ್ಮ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: "ಉಣ್ಣೋವಾಗ ದಮ್ಮು ಬರಂಗಿಲ್ಲ, ಕೊಡ ಎತ್ತುವಾಗಷ್ಟ ಬರ್ತದ ನಮ್ಮ ರಾಣಿಗಿ!" ಒಂದು ದಿನ ಹಾಗೆ ಕೂತವಳ ತಲೆಯ ಮೇಲೆಯೇ ಕೊಡ ಬೋರಲು ಹಾಕಿ, ಮತ್ತೆ ತುಂಬಿಕೊಂಡು ಬಾ ಎಂದು ಅಟ್ಟಿದಳು.

ಕೆಮ್ಮಿನಲ್ಲಿ ರಕ್ತ ಕಂಡಾಗ, ಕ್ಷಯವಿದ್ದರೆ ತನಗೂ ಅಂಟೀತೆಂಬ ಭಯಕ್ಕೆ ಸಿದ್ದರಾಮಪ್ಪ ಅವಳನ್ನು ರಾಯಚೂರಿಗೆ ಕರೆದೊಯ್ದ. ತೀನ್ ಕಂದೀಲ್ ಚೌಕದ ಹತ್ತಿರ ದವಾಖಾನೆ ಇಟ್ಟಿದ್ದ ಡಾಕ್ಟರ್ ವಾಹಿದಾ ಬೂದೆಮ್ಮನನ್ನು ಎಡಮಗ್ಗುಲಿಗೆ ಮಲಗಿಸಿ, ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಆಲಿಸಿದರು.

"ಕ್ಷಯ ಅಲ್ಲಪ್ಪಾ, ಎದಿಗುಂಡಿಗಿ ಕೆಟ್ಟದ," ಎಂದವರು ತಮ್ಮ ಮುಷ್ಟಿಯನ್ನು ಮುಂದೆ ಹಿಡಿದರು. "ಇಷ್ಟ ಇರ್ತದ. ಮ್ಯಾಲ ಎರಡು ಕೋಣಿ, ಕೆಳಗ ಎರಡು. ರಕ್ತ ಮ್ಯಾಲಿನ ಕೋಣಿಗಿ ಬಂದು, ನಡುಬಾಗಿಲು ತೆರೆದು ಕೆಳಗ ಇಳೀತದ. ಉಳಿದದ್ದನ್ನ ಮ್ಯಾಲಿನ ಕೋಣಿ ಹಿಂಡಿ ದಬ್ಬತದ. ಆಮ್ಯಾಲ ಕೆಳಗಿನ ಕೋಣಿ ಬಿಗಿ ಹಿಡೀತದ, ನಡುಬಾಗಿಲು ಬಡೀತದ, ಲಬ್! ರಕ್ತ ಹೊರಗ ಜಿಗೀತದ. ಬಲಗಡಿದು ಉಸಿರಾಡೋ ಪುಪ್ಪುಸಕ್ಕ, ಎಡಗಡಿದು ಮೈಗೆಲ್ಲ. ಹೊರಬಾಗಿಲು ಮುಚ್ಚತದ, ಡಬ್! ಆಮ್ಯಾಲ ಸಡ್ಲಾಗಿ ಮತ್ತ ತುಂಬಿಕೊಂತದ. ಇಷ್ಟೂ ಒಂದ ಬಡಿತದಾಗ, ನೀ ಕಣ್ಣು ಮಿಟುಕಿಸಿ ತೆರೆಯೋದ್ರಾಗ."

ಸ್ಟೆತಾಸ್ಕೋಪನ್ನು ಅವನ ಕಿವಿಗಿಟ್ಟು ಮೊದಲು ಅವನ ಎದೆಯನ್ನೇ ಕೇಳಿಸಿದರು. ಬಳಿಕ ಹೆಂಡತಿಯದು. ಡಬ್ ಆದ ಮೇಲೆ ಸದ್ದಿರಬಾರದ ಜಾಗದಲ್ಲಿ ಏನೋ ಗುಡುಗುಡು ಉರುಳುತ್ತಿತ್ತು. ಸಿದ್ದರಾಮಪ್ಪ ಹೌಹಾರಿ ಕಿವಿಯಿಂದ ಕಿತ್ತ. "ಒಳಗ ಬೀಸೋಕಲ್ಲು ತಿರುಗಾಕತ್ತದ!"

"ಸಣ್ಣಾಕಿ ಇದ್ದಾಗಿನ ಜ್ವರ ಎಡಗಡಿ ನಡುಬಾಗಿಲನ್ನ ಬಿರುಸು ಮಾಡೇದ. ಪೂರಾ ತೆರೆಯಂಗಿಲ್ಲ. ರಕ್ತ ಇಕ್ಕಟ್ಟಿನ್ಯಾಗ ನುಗ್ಗೋ ಸದ್ದು ಅದು. ಇಳೀಲಾರದ್ದು ಹಿಂದಕ್ಕ ಪುಪ್ಪುಸದಾಗ ನಿಲ್ತದ, ಅದಕ್ಕ ದಮ್ಮು. ಹೈದರಾಬಾದಿನ್ಯಾಗ ಎದಿ ಕೊಯ್ದು ಬಾಗಿಲು ಬಿಡಿಸ್ತಾರ, ಕರ್ಕೊಂಡು ಹೋಗು. ಅಲ್ಲೀತನಕ ಬಸಿರು ಬ್ಯಾಡ."

ಸಿದ್ದರಾಮಪ್ಪ ಊರಿಗೆ ಬಂದು ಬೀಸೋಕಲ್ಲಿನ ಮಾತೊಂದನ್ನೇ ಹೇಳಿದ. ಓಣಿಯ ಹೆಂಗಸರು ಬಂದು, ಹೇಳದೆ ಕೇಳದೆ ಬೂದೆಮ್ಮನ ಸೆರಗು ಸರಿಸಿ ಎದೆಗೆ ಕಿವಿ ಹಚ್ಚಿದರು. ಕೆಲವರು ನಕ್ಕರು. ಅವಳು ಮುಖವನ್ನಷ್ಟೇ ಗೋಡೆ ಕಡೆ ತಿರುಗಿಸಿ ಎಲ್ಲರಿಗೂ ಎದೆ ಕೊಟ್ಟು ನಿಂತಳು.

ಬೂದೆಮ್ಮ ಹೈದರಾಬಾದಿನ ಮಾತೆತ್ತಿದಾಗ ದುರುಗಮ್ಮ ಒಂದೇ ಏಟಿಗೆ ಮುಗಿಸಿದಳು. "ಎದಿ ಕೊಯ್ಸಿಕೊಂಡಾಕಿ ನಮ್ಮ ಒಲಿ ಮುಟ್ಟೋದು ಬ್ಯಾಡ. ಇಕಿ ತಂಗಿ ಕರೆಮ್ಮನ್ನ ತರ್ರಿ. ಕೊಟ್ಟಾವರು ಅವರ, ಕೆಟ್ಟದ್ದು ಕೊಟ್ಟಾರ, ಒಳ್ಳೇದೊಂದು ಕೊಡಲಿ."

ಕನಕಪ್ಪ ಒಪ್ಪಿದ. ಆದರೆ ಸಂತೆಯಲ್ಲಿ ಕುರಿಯ ಹಲ್ಲು ನೋಡುವಂತೆ, ಕರೆಮ್ಮನ ಎದೆಯನ್ನು ಮೊದಲು ನೋಡಿಸಬೇಕೆಂದು ದುರುಗಮ್ಮ ಹಟ ಹಿಡಿದಳು. ಬೂದೆಮ್ಮನನ್ನೇ ಜೊತೆ ಮಾಡಿಕೊಂಡು ತಾನೂ ಹೊರಟಳು. ದವಾಖಾನೆಯಲ್ಲಿ ಅತ್ತೆ ಹೊರಗೆ ಕೂತಿದ್ದಾಗ ಬೂದೆಮ್ಮ ಡಾಕ್ಟರ ಕೈ ಹಿಡಿದುಕೊಂಡಳು.

"ಯವ್ವಾ, ನಿಮ್ಮ ಕಾಲಿಗಿ ಬೀಳ್ತೀನಿ. ಇಕಿದೂ ಕೆಟ್ಟದ ಅನ್ರಿ. ಆ ಮನಿಗಿ ಇಕಿ ಬರೋದು ಬ್ಯಾಡ."

ವಾಹಿದಾ ತಡವರಿಸಿದರು. "ಹಾಂಗಂದ್ರ ಇಕಿನ್ನ ಯಾರೂ ಮದುವಿ ಆಗಂಗಿಲ್ಲ ಬೂದೆಮ್ಮಾ. ಜೀವನಪೂರ್ತಿ ರೋಗಿಷ್ಠಿ ಅಂತಾರ."

"ಆಗ್ಲಿ ಬಿಡ್ರಿ. ಬದುಕ್ತಾಳಲ್ಲ."

ಡಾಕ್ಟರು ಹೊರಗೆ ಬಂದು ಸತ್ಯವನ್ನೇ ಹೇಳಿದರು. ದುರುಗಮ್ಮನ ಮುಖ ಅರಳಿತು.

ಕರೆಮ್ಮನ ಮದುವೆಯಾದ ಮೇಲೆ ಬೂದೆಮ್ಮನ ಹಾಸಿಗೆ ಕುರಿಹಟ್ಟಿಗೆ ಹೋಯಿತು. ಮಲಗಿದರೆ ಉಸಿರು ಕಟ್ಟುತ್ತಿದ್ದುದರಿಂದ ಅವಳು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಹೊಸ ಗಂಡಹೆಂಡಿರಿಗೆ ಶಾಪ ಹಾಕುತ್ತ ಕೂತಿರುತ್ತಾಳೆಂದು ಅತ್ತೆ ಊರಿಗೆಲ್ಲ ಸಾರಿದಳು. ಕರೆಮ್ಮ ಬಸುರಾದಾಗ ಅಕ್ಕನ ನೆರಳೂ ಬೀಳಬಾರದೆಂದು ತಡೆದಳು. ಕರೆಮ್ಮ ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿ ಒಯ್ದು ಕೊಡುತ್ತಿದ್ದಳು. ಸಿಕ್ಕಿಬಿದ್ದ ದಿನ ಇಬ್ಬರಿಗೂ ಊಟವಿಲ್ಲ.

೧೯೮೧ರ ಶ್ರಾವಣದಲ್ಲಿ ಒಂದು ಮುಂಜಾನೆ ಬೂದೆಮ್ಮನ ಬಾಯಲ್ಲಿ ಕೆಂಪು ನೊರೆ ಬಂತು. ಕರೆಮ್ಮ ಓಡಿಬಂದಳು. ಅಂಗಳದಲ್ಲಿ ಸಿದ್ದರಾಮಪ್ಪ ಗಾಡಿಗೆ ಟಗರುಗಳನ್ನು ಹೇರುತ್ತಿದ್ದ.

"ಅಕ್ಕ ಸಾಯಾಕತ್ತಾಳ. ರಾಯಚೂರಿಗೇ ಹೊಂಟೀಯಲ್ಲ, ಹಾಕ್ಕೊಂಡು ಹೋಗು!"

"ಜಾಗ ಎಲ್ಲೈತಿ? ಟಗರು ಇಳಸಿದ್ರ ಸಂತಿ ಹೋಗ್ತದ," ಎಂದು ಅವನು ಎತ್ತುಗಳ ಹಗ್ಗ ಹಿಡಿದ.

ಗಾಡಿ ಹೋಯಿತು. ಬೂದೆಮ್ಮ ತಂಗಿಯ ಭುಜಕ್ಕೊರಗಿ ಕೂತು, ಬಿಸಿಲೇರುವ ಹೊತ್ತಿಗೆ ತನ್ನ ಉಸಿರಿನಲ್ಲೇ ಮುಳುಗಿ ಸತ್ತಳು. ಕೊನೆಗೆ ಆ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ, ಕರೆಮ್ಮನ ಹೊಟ್ಟೆಯೊಳಗಿನ ಕೂಸು ಮಿಸುಕಿತು.

ಸಂಜೆ ಗಾಡಿ ಬಂದಾಗ ಕರೆಮ್ಮ ಅಂಗಳದಲ್ಲಿ ನಿಂತಿದ್ದಳು. "ಈಗ ಖಾಲಿ ಅದಲ್ಲ," ಎಂದಳು. "ಒಯ್ಯಿ."

ಹೆರಿಗೆಗೆಂದು ಕಲ್ಲೂರಿಗೆ ಹೋದವಳು ತಿರುಗಿ ಬರಲಿಲ್ಲ. ಕನಕಪ್ಪ ಹೊಡೆದು ಕಳಿಸಲು ನೋಡಿದ. ಅವಳು ಮಗಳನ್ನು ಎತ್ತಿಕೊಂಡು ಮಾನ್ವಿಗೆ ಹೋಗಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೂಲಿಗೆ ನಿಂತಳು. ಸಿದ್ದರಾಮಪ್ಪ ಮುಂದಿನ ಬೇಸಿಗೆಯಲ್ಲೇ ದೇವದುರ್ಗದ ಕಡೆಯಿಂದ ಮೂರನೆಯವಳನ್ನು ತಂದ.