ಒಲೆ ಕಡೆ ಮುಖ ಮಾಡಿದ್ದವಳು

ಒಹಾಯೊದ ಆ ಉಕ್ಕಿನ ಊರಿನಲ್ಲಿ ಕಾರು ಸಿಡಿಯುವುದು ಆಗ ಹೊಸ ಸುದ್ದಿಯಾಗಿರಲಿಲ್ಲ. ಜೂಜಿನ ಧಣಿಗಳು ಒಬ್ಬರನ್ನೊಬ್ಬರು ಹಾಗೆಯೇ ಮುಗಿಸುತ್ತಿದ್ದರು. ಆದರೆ ಲುಡ್ಮಿಲಾಳ ಪಕ್ಕದ ಮನೆಯ ಯಾನ್ ಕೊಸ್ತುರಿಕ್ ಧಣಿಯಲ್ಲ. ಕಾರ್ಖಾನೆಯ ಗೇಟಿನ ಹತ್ತಿರ ಚಿಕ್ಕ ಬಾರ್ ಇಟ್ಟುಕೊಂಡವನು. ಅವರ ಜೂಜಿನ ಯಂತ್ರ ತನ್ನಲ್ಲಿ ಬೇಡ ಅಂದಿದ್ದ, ಅಷ್ಟೆ.

ಆ ಬೆಳಿಗ್ಗೆ ಕಾಫಿ ಕಾಸುತ್ತಿದ್ದ ಲುಡ್ಮಿಲಾ ಹ್ರಾಬ್ಕೊ ಕಿಟಕಿಯಾಚೆ ನೋಡಿದಳು. ಯಾನ್‌ನ ಕಾರಿನ ಅಡಿಯಿಂದ ಒಬ್ಬ ಎದ್ದು ಮೊಣಕಾಲಿನ ಹಿಮ ಕೊಡವಿಕೊಂಡ. ಅದೇ ಬೀದಿಯ ಪೊಲೀಸ್, ಡೊರನ್. ಏನೋ ಬೀಳಿಸಿಕೊಂಡಿರಬೇಕು ಅಂದುಕೊಂಡಳು. ಗಂಡನ ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಆ ಕಾರು ಯಾನ್‌ನ ಸಮೇತ ಸಿಡಿದು, ಕಿಟಕಿಯ ಗಾಜೆಲ್ಲ ಅಡುಗೆಮನೆಯೊಳಗೆ ಬಂದು ಬಿತ್ತು.

ಮಧ್ಯಾಹ್ನ ವಿಚಾರಣೆಗೆ ಬಂದವನೂ ಡೊರನ್ನೇ.

"ಏನಾದ್ರೂ ನೋಡಿದ್ರೇನಮ್ಮ?"

"ಇಲ್ಲ ಸರ್. ಒಲೆ ಕಡೆ ಮುಖ ಮಾಡಿದ್ದೆ."

"ಒಳ್ಳೇದಾಯ್ತು. ನಿಮ್ಮೆಜಮಾನ್ರು ಪಾಳಿ ಮುಗಿಸಿ ಬರೋದು ಕತ್ತಲಾದ್ಮೇಲೆ ಅಲ್ವಾ? ಹುಷಾರಾಗಿರೋಕೆ ಹೇಳಿ."

ವಾರದೊಳಗೆ ಯಾರೋ ಬಂದು ಹೊಸ ಗಾಜು ಕೂರಿಸಿ, ಕೂಲಿ ಕೇಳದೆ ಹೋದರು. ಅವಳ ಗಂಡ ಒಂದ್ರೇಯ್ ಆ ಗಾಜನ್ನೇ ನೋಡುತ್ತ, "ನಿಂಗೇನಾದ್ರೂ ಗೊತ್ತಿದ್ರೆ ನಂಗೆ ಹೇಳ್ಬೇಡ" ಅಂದ.

ಶುಕ್ರವಾರಗಳಂದು ಚರ್ಚಿನ ಅಡುಗೆಮನೆಯಲ್ಲಿ ಹೆಂಗಸರು ಸೇರಿ ಪಿರೋಹಿ ಮಾಡುತ್ತಿದ್ದರು. ಆಲೂಗಡ್ಡೆ ತುಂಬಿ, ಕಡುಬಿನ ಹಾಗೆ ಅಂಚು ಒತ್ತಿ, ಬೇಯಿಸಿ ಮಾರುವುದು. ಯಾನ್‌ನ ಹೆಂಡತಿ ಝುಝಾನಾ ನಿಲ್ಲುತ್ತಿದ್ದುದು ಲುಡ್ಮಿಲಾಳ ಪಕ್ಕದಲ್ಲೇ.

"ಆ ಹೊತ್ತಲ್ಲಿ ನೀನು ಕಿಟಕಿ ಹತ್ರಾನೇ ಇರ್ತೀಯಲ್ಲ, ಲುಡ್ಕಾ."

"ಅವತ್ತು ನೋಡ್ಲಿಲ್ಲ ಕಣೇ."

ಝುಝಾನಾ ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದೇ ಲುಡ್ಮಿಲಾಳಿಗೆ ಹೆಚ್ಚು ಹಿಂಸೆಯಾಯಿತು. ಪಾದ್ರಿಯ ಮುಂದಾದರೂ ಹೇಳಿಕೊಳ್ಳೋಣವೆಂದರೆ, ಚರ್ಚಿಗೆ ಹೊಸ ಬೆಂಚು ಮಾಡಿಸಿಕೊಟ್ಟವನು ಡೊರನ್. ಪೊಲೀಸರಿಗೆ ಹೇಳೋಣವೆಂದರೆ, ಅಷ್ಟರಲ್ಲಿ ಅವನೇ ಅವರ ಮೇಲಧಿಕಾರಿಯಾಗಿದ್ದ. ಶುಕ್ರವಾರದ ಸಾಲಿನಲ್ಲಿ ಅವನೂ ತಟ್ಟೆ ಹಿಡಿದು ನಿಲ್ಲುತ್ತಿದ್ದ. ಲುಡ್ಮಿಲಾ ಬಡಿಸುತ್ತಿದ್ದಳು, ಝುಝಾನಾ ಮೇಲೆ ಬೆಣ್ಣೆ ಸುರಿಯುತ್ತಿದ್ದಳು. "ಇನ್ನೊಂಚೂರು ಹಾಕಮ್ಮ, ಕೈ ಬಿಗಿ ಮಾಡ್ಬೇಡ" ಎಂದು ಅವನು ನಗುತ್ತಿದ್ದ. ಲುಡ್ಮಿಲಾ ತಲೆ ತಗ್ಗಿಸಿ ಮುಂದಿನವರ ತಟ್ಟೆಗೆ ಕೈ ಚಾಚುತ್ತಿದ್ದಳು.

ಎಷ್ಟೋ ವರ್ಷಗಳ ಮೇಲೆ ಒಂದ್ರೇಯ್ ಎದೆನೋವಿನಿಂದ ಹೋದ. ಇನ್ನು ಯಾರ ಜೀವಕ್ಕೂ ಹೆದರಬೇಕಿರಲಿಲ್ಲ, ಆದರೂ ಹೇಳಲು ಬಾಯಿ ಬರಲಿಲ್ಲ. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಅಂದರೆ ಏನು ಹೇಳುವುದು? ಡೊರನ್ ಮುದುಕನಾಗಿ, ತನ್ನ ಮಂಚದ ಮೇಲೇ ಸತ್ತ. ಶವಪೆಟ್ಟಿಗೆಗೆ ಬಾವುಟ ಹೊದಿಸಿದರು.

ಆ ಶುಕ್ರವಾರ ಹಿಟ್ಟಿನ ಅಂಚು ಒತ್ತುತ್ತ ಲುಡ್ಮಿಲಾ ಎಲ್ಲವನ್ನೂ ಹೇಳಿದಳು. ಝುಝಾನಾ ತಟ್ಟೆ ತುಂಬುವವರೆಗೂ ಕೈ ನಿಲ್ಲಿಸಲಿಲ್ಲ.

"ಪೊಲೀಸರಿಗೆ ಹೇಳ್ಬೇಕಿತ್ತು ಅಂತ ನಾನನ್ನಲ್ಲ," ಎಂದಳು ಆಮೇಲೆ. "ನಿನ್ ಗಂಡನ್ನೂ ಕೊಲ್ತಿದ್ರು. ಆದ್ರೆ ಅವನ ತಟ್ಟೆಗೆ ನಾನು ಬೆಣ್ಣೆ ಹಾಕ್ತಿದ್ನಲ್ಲ, ಒಂದ್ಸಲ ನನ್ನ ಕೈನಾದ್ರೂ ಹಿಡ್ದು ತಡೀಬಾರ್ದಿತ್ತಾ?"

ಮುಂದಿನ ವಾರದಿಂದ ಝುಝಾನಾ ಬೇರೆ ಮೇಜಿಗೆ ಹೋದಳು. ಲುಡ್ಮಿಲಾ ಕರೆಯಲಿಲ್ಲ.