ಬಂಡೆಯ ಮೇಲೆ ಕಾಯಿಸಿದ ನೀರು

ಆ ಕೆಂಪು ಮಚ್ಚೆಯನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಭೂಮಿಯೊಳಗಿನ ಶಾಖದಿಂದ ಕರೆಂಟು ತೆಗೆಯುತ್ತೇವೆ ಎನ್ನುತ್ತಿದ್ದ ಒಂದು ಸಣ್ಣ ಕಂಪನಿಯಲ್ಲಿ ನಾನು ಭೂವಿಜ್ಞಾನಿಯಾಗಿದ್ದೆ. ಮಧುಗಿರಿಯಿಂದ ಪಾವಗಡದವರೆಗಿನ ಉಪಗ್ರಹ ಚಿತ್ರಗಳಲ್ಲಿ ನೆಲ ಎಲ್ಲಿ ಬಿಸಿಯಾಗಿ ಕಾಣುತ್ತದೋ ಅಲ್ಲಿಗೆ ಹೋಗಿ ಪರೀಕ್ಷಿಸುವುದು ನನ್ನ ಕೆಲಸ. ಬಿಸಿ ನೆಲವನ್ನು ಕೆಂಪಾಗಿ ತೋರಿಸುವ ಆ ಚಿತ್ರದಲ್ಲಿ ಮಿಡಿಗೇಶಿಯ ಹತ್ತಿರ ಒಂದು ಕಡುಗೆಂಪು ಮಚ್ಚೆಯಿತ್ತು. ಹೋಗಿ ನೋಡಿದರೆ ಬೋಳುಬಂಡೆ. ಹಗಲೆಲ್ಲ ಬಿಸಿಲಿಗೆ ಕಾದಿತ್ತು, ಅಷ್ಟೇ. ಪಕ್ಕದ ಹೊಲದ ಕೊಳವೆಬಾವಿಗೆ ಉಷ್ಣಮಾಪಕ ಇಳಿಸಿದೆ. ಸುತ್ತಲಿನ ಬಾವಿಗಳಿಗಿಂತ ಶಾಖ ಒಂದಿಷ್ಟೂ ಹೆಚ್ಚಿರಲಿಲ್ಲ. ಹಾಗೆಂದೇ ವರದಿ ಬರೆದುಕೊಟ್ಟೆ.

ಕೆಲವು ದಿನಗಳ ಮೇಲೆ ನಮ್ಮ ಮ್ಯಾನೇಜರ್ ಬಂಡವಾಳ ಹೂಡುವವರನ್ನು ಅಲ್ಲಿಗೇ ಕರೆತಂದ. ಅವರು ಬರುವ ಮೊದಲೇ ಆ ಬಾವಿಯ ಕಪ್ಪು ಪೈಪನ್ನು ಬಂಡೆಯ ಮೇಲೆ ಸುರುಳಿ ಸುರುಳಿಯಾಗಿ ಹಾಸಿ, ನೀರು ತುಂಬಿಸಿ ಬಿಸಿಲಿಗೆ ಬಿಟ್ಟಿದ್ದ. ನೆತ್ತಿಯ ಮೇಲೆ ಸೂರ್ಯ ಬಂದಾಗ ಮೋಟರ್ ಹಾಕಿದರು. ಸುಡುಸುಡು ನೀರು! ಅತಿಥಿಗಳು ಬೆರಳು ಅದ್ದಿ, ಸರಕ್ಕನೆ ಎಳೆದುಕೊಂಡು ನಕ್ಕರು. ಊರಿನವರೊಬ್ಬರು ಪೈಪಿನ ಬಾಯಿಗೆ ಕರ್ಪೂರ ಬೆಳಗಿದರು. ವರದಿ ಬರೆದ ನಾನೂ ಅದನ್ನೆಲ್ಲ ನೋಡುತ್ತ ನಿಂತಿದ್ದೆ.

ಹೊಲದ ಒಡತಿ ಮುಂದೆ ಬಂದಳು. "ಇನ್ನೊಂದೀಟು ನೀರು ಬುಟ್ಟು ನೋಡಿ ಸಾಮಿ. ಪೈಪು ಬಿಸ್ಲಾಗೆ ಬಿದ್ದಿದ್ರೆ ನೀರು ಕಾಯ್ದೆ ಇರ್ತದಾ?"

ಮ್ಯಾನೇಜರ್ ಗಡಿಬಿಡಿಯಲ್ಲಿ ಮೋಟರ್ ಆರಿಸಿದ. "ಸುಮ್ನಿರಮ್ಮ, ನಿನಗಿದೆಲ್ಲ ಅರ್ಥ ಆಗಲ್ಲ."

"ನನ್ ಬೋರು ನಂಗ್ ಗೊತ್ತಾಗಕಿಲ್ವಾ?" ಎಂದವಳು ನನ್ನ ಕಡೆ ತಿರುಗಿದಳು. "ಅವತ್ತು ನೀವೇ ಅಳ್ದು ನೋಡಿದ್ರಲ್ಲ, ಯೋಳಿ ಸಾರ್."

ಎಲ್ಲರೂ ನನ್ನತ್ತ ನೋಡಿದರು. ಹೋಗಿ ಮೋಟರಿನ ಸ್ವಿಚ್ ಒತ್ತಿದೆ. ಸ್ವಲ್ಪ ಹೊತ್ತು ಬಿಸಿನೀರು, ಆಮೇಲೆ ಉಗುರುಬೆಚ್ಚಗೆ, ಆಮೇಲೆ ಎಲ್ಲ ಬೋರ್‌ವೆಲ್ಲುಗಳ ಹಾಗೆಯೇ ತಣ್ಣಗಿನ ನೀರು. ಒಡತಿ ಬೊಗಸೆಯೊಡ್ಡಿ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅತಿಥಿಗಳು ಕಾರು ಹತ್ತಿದರು.

ಅಂದೇ ಕೆಲಸ ಬಿಟ್ಟೆ. ಆದರೆ ಮುಂದೊಂದು ದಿನ ಆ ಕಂಪನಿಯ ಹೊಸ ಪ್ರಚಾರ ಪುಸ್ತಿಕೆ ಕಣ್ಣಿಗೆ ಬಿತ್ತು. ಅದೇ ಚಿತ್ರ, ಅದೇ ಕೆಂಪು ಮಚ್ಚೆ, ಕೆಳಗೆ 'ಸ್ಥಳ ಪರೀಕ್ಷೆ' ಎಂಬುದರ ಮುಂದೆ ನನ್ನ ಹೆಸರು. ನನ್ನ ಹೆಸರು ತೆಗೆಯಿರಿ ಎಂದು ಕಂಪನಿಗೆ ಮೂರು ಸಲ ಬರೆದೆ. ಅದು ಇನ್ನೂ ಅಲ್ಲೇ ಇದೆ.